ಒಬ್ಬ ತಾತ, ಎರಡು ‘ಬಿನ್’: ಮಂಡ್ಯ ಕಡೆಯ ಕೋಡಿಮನೆಯ ಪ್ರಕರಣ

ನನ್ನ ತಾಯಿಯ ತವರು ಮಂಡ್ಯ ತಾಲ್ಲೂಕಿನ ನಾಲೆ ಬಯಲಿನ ಒಂದು ಊರು. ಊರಲ್ಲಿ ಆ ಮನೆಗೆ ‘ಕೋಡಿಮನೆ’ ಅಂತಲೇ ಹೆಸರು. ಹಿಂದೆ ಕೆರೆ ಕೋಡಿ ಬೀಳುವ ಜಾಗದ ಪಕ್ಕ ಅವರ ಮನೆ ಇತ್ತಂತೆ. ಈಗ ಮನೆ ಊರೊಳಗೆ ಬಂದಿದೆ, ಹೆಸರು ಮಾತ್ರ ಬದಲಾಗಿಲ್ಲ.

ಈ ಮನೆಯ ಮೂಲಪುರುಷ ಅಂತ ಎಲ್ಲರೂ ಹೇಳುತ್ತಿದ್ದದ್ದು ನನ್ನ ತಾಯಿಯ ತಂದೆಯ ತಾತನನ್ನು. ಹುಟ್ಟಿದ್ದು 1858ರ ಆಸುಪಾಸು ಇರಬೇಕು. ಮನೆಯವರು ಹೆಸರು, ಊರು ಬರೆಯುವುದು ಬೇಡ ಅಂದಿದ್ದಾರೆ. ಹಾಗಾಗಿ ಅವರನ್ನು ಕೋಡಿ ತಾತ ಎಂದೇ ಕರೆಯುತ್ತೇನೆ. ನಾನು ಹುಡುಕಲು ಹೊರಟದ್ದು ಮೂರು ವಿಷಯ. ಕೋಡಿ ತಾತನ ಅಪ್ಪ ಯಾರು, ಒಡಹುಟ್ಟಿದವರು ಯಾರು, ಅವರು ಈ ಊರಿಗೆ ಹೇಗೆ ಬಂದರು. ಇದಕ್ಕೆ ನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಒಂದೂವರೆ ವರ್ಷ ತಪ್ಪು ದಾರಿಯಲ್ಲಿ ಕಳೆದೆ. ಆ ತಪ್ಪನ್ನೂ ಪೂರ್ತಿ ಬರೆಯುತ್ತೇನೆ. ಹಳೇ ಮೈಸೂರು ಕಡೆಯ ದಾಖಲೆ ಹಿಡಿದು ಹೊರಟವರು ಯಾರು ಬೇಕಾದರೂ ಅಲ್ಲೇ ಎಡವಬಹುದು.

ಶುರುವಿನಲ್ಲೇ ಎರಡು ಮಾತು ಒಂದಕ್ಕೊಂದು ಕೂಡುತ್ತಿರಲಿಲ್ಲ.

ಅಮ್ಮ ಹೇಳುತ್ತಿದ್ದದ್ದು ಹೀಗೆ: “ಧಾತು ಈಶ್ವರ ಬರದಲ್ಲಿ ಒಬ್ಬನೇ ನಡ್ಕೊಂಡು ಬಂದ ಕಣಪ್ಪ. ಹಿಂದೆ ಮುಂದೆ ಯಾರೂ ಇರ್ಲಿಲ್ಲ.” ಹೆಳವರು ಹೇಳುತ್ತಿದ್ದದ್ದು ಬೇರೆ. ಕೋಡಿಮನೆ ಏಳು ತಲೆಯಿಂದ ಅದೇ ಊರಿನದು, ಕೋಡಿ ತಾತ ಅದರಲ್ಲಿ ನಾಲ್ಕನೆಯವರು.

ಹೆಳವರು ಅಂದರೆ ಒಕ್ಕಲು ಮನೆಗಳ ವಂಶ ಹೇಳುವವರು. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು. ನಮ್ಮ ಮನೆಗೆ ಬರುವವರು ಈಗ ಬೈಕಿನಲ್ಲಿ ಬರುತ್ತಾರೆ. ಸುಗ್ಗಿ ಮುಗಿದ ಮೇಲೆ, ಮೂರು ನಾಲ್ಕು ವರ್ಷಕ್ಕೊಮ್ಮೆ. ಜಗಲಿ ಮೇಲೆ ಕೂತು, ಬಟ್ಟೆ ಸುತ್ತಿದ ಪುಸ್ತಕ ಬಿಚ್ಚಿ, ಇಂಥವನ ಮಗ ಇಂಥವನು, ಅವನಿಗೆ ಎಷ್ಟು ಜನ ಮಕ್ಕಳು ಅಂತ ಒಂದೇ ಉಸಿರಿನಲ್ಲಿ ರಾಗವಾಗಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಸೇರಿಸಿಕೊಂಡು, ಕೊಟ್ಟ ರಾಗಿ, ಭತ್ತ, ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಇದನ್ನು ಸುಮ್ನೆ ಕಥೆ ಅಂತ ತಳ್ಳಿಹಾಕುವವರನ್ನು ನೋಡಿದ್ದೇನೆ. ನಾನು ಒಪ್ಪುವುದಿಲ್ಲ. ಕಾಗದದ ಜೊತೆ ತಾಳೆ ನೋಡಲು ಆದ ಕಡೆಯೆಲ್ಲ ನಮ್ಮ ಹೆಳವರು ಹೇಳಿದ ಹೆಸರು, ಅವುಗಳ ಕ್ರಮ, ಎರಡೂ ಸರಿ ಇದ್ದವು.

ಹಾಗಾದರೆ ಅಮ್ಮನ ಮಾತು ಸುಳ್ಳಾ? ಅದನ್ನೂ ಬಿಡುವ ಹಾಗಿರಲಿಲ್ಲ. ಧಾತು ಸಂವತ್ಸರ ಬಿದ್ದದ್ದು 1876ರ ಯುಗಾದಿಗೆ, ಈಶ್ವರ 1877ಕ್ಕೆ. ಆ ಬರ ಮೈಸೂರು ಸೀಮೆಯನ್ನು ಅರೆದುಬಿಟ್ಟಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಒಳಗೆ ಇಳಿಯಿತು. ಊರಿಗೆ ಊರೇ ಎದ್ದು ಹೊರಟ ಕಾಲ ಅದು. ಹದಿನೆಂಟರ ಹುಡುಗ ಒಬ್ಬನೇ ನಡೆದು ಬಂದ ಅನ್ನುವುದು ನಂಬದ ಮಾತೇನಲ್ಲ.

ಜನಗಣತಿ ಅಂದ ಕೂಡಲೇ ಕೆಲವರಿಗೆ ಆಸೆ ಹುಟ್ಟುತ್ತದೆ. ಇಂಗ್ಲೆಂಡಿನಲ್ಲಿ 19ನೇ ಶತಮಾನದ ಗಣತಿಯ ಹಾಳೆಗಳು ಮನೆಮನೆಯ ಹೆಸರು ಸಮೇತ ಓದಲು ಸಿಗುತ್ತವೆ. ನಮ್ಮಲ್ಲಿ ಹಾಗಿಲ್ಲ. ಎಣಿಕೆ ಮುಗಿದ ಮೇಲೆ ಮನೆಮನೆಯ ಹಾಳೆ ಉಳಿಸಲಿಲ್ಲ. ಉಳಿದದ್ದು ಮೊತ್ತ ಮಾತ್ರ. ನಮ್ಮ ಕಡೆ ಒಬ್ಬ ರೈತ ಹೆಸರು ಸಮೇತ ಸಿಗುವುದು ಭೂಮಿಯ ಕಾಗದದಲ್ಲಿ. ಭೂಮಿ ಇಲ್ಲದವರ ಹೆಸರು ಹುಡುಕುವುದು ಇನ್ನೂ ಕಷ್ಟ, ಅದು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ನನ್ನ ತಪ್ಪು

ಹಳೇ ಮೈಸೂರಿನ ಕಂದಾಯ ಕಾಗದ ಓದುವವರಿಗೆ ಎರಡು ಪುಟ್ಟ ಪದ ಗೊತ್ತಿರಬೇಕು. ‘ಬಿನ್’ ಅಂದರೆ ಇಂಥವರ ಮಗ. ‘ಕೋಂ’ ಅಂದರೆ ಇಂಥವರ ಹೆಂಡತಿ. ಇಷ್ಟು ಗೊತ್ತಿದ್ದರೆ ಒಂದು ಸಾಲಿನಲ್ಲಿ ಎರಡು ತಲೆಮಾರು ಸಿಗುತ್ತದೆ.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ಹಳೆಯ ರಿಜಿಸ್ಟರುಗಳ ನಕಲು ತೆಗೆಸಿದೆ. ಕೈಬರಹದ ಪಹಣಿಯಿಂದ ಹಿಂದಕ್ಕೆ ಹೋಗುತ್ತಾ, ಸರ್ವೆ ನಂಬರ್ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಕೋಡಿಮನೆಗೆ ಎರಡು ತುಂಡು ಜಮೀನು ಇತ್ತು. ಒಂದು ಕೆರೆ ಹಿಂದಿನ ಗದ್ದೆ. ಅದರ ಮುಂದೆ ‘ಕಟ್ಟುಕೊಡಗಿ’ ಎಂದು ಬರೆದಿತ್ತು. ಕೆರೆ ಕಟ್ಟಿಸಿದವರಿಗೆ, ಕೆರೆಯನ್ನು ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿ ಅದು. ಕೋಡಿಮನೆ ಅನ್ನುವ ಹೆಸರಿನ ಅರ್ಥ ಅವತ್ತು ಬಲವಾಯಿತು. ಅವರು ಕೋಡಿ ಪಕ್ಕ ಮನೆ ಮಾಡಿಕೊಂಡವರಷ್ಟೇ ಅಲ್ಲ, ಕೆರೆಯ ಜವಾಬ್ದಾರಿ ಹೊತ್ತವರು. ಇನ್ನೊಂದು ಊರಾಚೆಯ ಹೊಲ.

ಗದ್ದೆಯ ಸಾಲಿನಲ್ಲಿ ಕೋಡಿ ತಾತನ ಹೆಸರು, ‘ಬಿನ್’, ಆಮೇಲೆ ಹೆಳವರ ಪುಸ್ತಕದಲ್ಲಿದ್ದ ಮೂರನೇ ತಲೆಯವರ ಹೆಸರು. ಹೆಳವರ ಮಾತಿಗೆ ಸರಿಯಾಗಿ ಕೂತಿತು. ಹೊಲದ ಸಾಲಿನಲ್ಲಿ ಕೋಡಿ ತಾತನ ಹೆಸರೇ, ಆದರೆ ‘ಬಿನ್’ ಆದ ಮೇಲೆ ಯಾವತ್ತೂ ಕೇಳದ ಬೇರೆ ಹೆಸರು.

ನಾನು ಏನು ಮಾಡಿದೆ? ಇಬ್ಬರು ಬೇರೆ ಬೇರೆ ಮನುಷ್ಯರು ಅಂದುಕೊಂಡೆ. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ನಮ್ಮ ಕಡೆ ತಾತನ ಹೆಸರು ಮೊಮ್ಮಗನಿಗೆ ಇಡುತ್ತಾರೆ. ಅಣ್ಣತಮ್ಮಂದಿರೆಲ್ಲ ತಮ್ಮ ಮೊದಲ ಮಗನಿಗೆ ಅದೇ ತಾತನ ಹೆಸರಿಟ್ಟರೆ ಒಂದೇ ಊರಲ್ಲಿ ಒಂದೇ ವಯಸ್ಸಿನ ಮೂರು ನಾಲ್ಕು ಜನಕ್ಕೆ ಒಂದೇ ಹೆಸರು. ಆಗ ದೊಡ್ಡ, ಚಿಕ್ಕ, ಕರಿ, ಕೆಂಪ ಅಂತ ಮುಂದೆ ಸೇರಿಸಿ ಕರೆಯುತ್ತಾರೆ. ಶಾನುಭೋಗರು ಅದನ್ನು ಒಮ್ಮೆ ಬರೆಯುತ್ತಾರೆ, ಒಮ್ಮೆ ಬಿಡುತ್ತಾರೆ. ಹೊಲದವನು ಬೇರೆ ಮನೆಯವನು, ಹೊಲ ಆಮೇಲೆ ನಮ್ಮವರಿಗೆ ಬಂದಿದೆ ಅಂತ ತೀರ್ಮಾನ ಮಾಡಿ, ಏಳು ತಲೆಯ ವಂಶವೃಕ್ಷ ಬರೆದು, ಮನೆಯವರಿಗೆಲ್ಲ ಪ್ರತಿ ಮಾಡಿಸಿ ಹಂಚಿಬಿಟ್ಟೆ. ಅಮ್ಮ ಅದನ್ನು ನೋಡಿ, “ಹಂಗಾದ್ರೆ ಬರದಲ್ಲಿ ಬಂದೋನು ಯಾರು?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಕಾಗದ ಇದೆ ಅನ್ನುವ ಧೈರ್ಯದಲ್ಲಿ ಅವರ ಮಾತನ್ನು ಪಕ್ಕಕ್ಕಿಟ್ಟೆ. ಎಂಬತ್ತರ ಹತ್ತಿರದ ಅಮ್ಮನಿಗೆ ಅವರ ಅಜ್ಜಿ ಹೇಳಿದ ಮಾತನ್ನು ನಾನು ಸುಳ್ಳು ಮಾಡಿದ್ದೆ. ಆ ಬೇಜಾರು ಇನ್ನೂ ಹೋಗಿಲ್ಲ.

ಪಕ್ಕದ ಹೊಲದವರ ಪೆಟ್ಟಿಗೆ

ತಿದ್ದುಪಡಿ ಸಿಕ್ಕಿದ್ದು ನಮ್ಮ ಮನೆಯ ಕಾಗದದಲ್ಲಿ ಅಲ್ಲ. ಊರಾಚೆಯ ಹೊಲದ ಪಕ್ಕದವರು ಆಸ್ತಿ ಭಾಗ ಮಾಡಿಕೊಳ್ಳುವಾಗ ತಗಡಿನ ಪೆಟ್ಟಿಗೆ ತೆಗೆದಿದ್ದರು. ಹಳೆಯ ಅಕ್ಷರ ಓದಲು ಬರುತ್ತದೆ ಅಂತ ನನ್ನನ್ನು ಕರೆದರು. ಅದರಲ್ಲಿ ಒಂದು ಭೋಗ್ಯದ ಪತ್ರ ಇತ್ತು. ನಾಲ್ಕು ಮಡಿಕೆ, ಮಡಿಕೆಯ ಗೆರೆಯಲ್ಲೆಲ್ಲ ಹರಿದಿತ್ತು. ಕಪ್ಪು ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು. ಅಕ್ಷರ ಒಂದಕ್ಕೊಂದು ಅಂಟಿಕೊಂಡ ಶಾನುಭೋಗರ ಕೈ, ಪದಗಳ ನಡುವೆ ಜಾಗವೇ ಇಲ್ಲ. ಕೊನೆಯಲ್ಲಿ ಸಾಕ್ಷಿಗಳ ಕೈಗುರುತು, ಬಿಕ್ಕಲಂ ಶಾನುಭೋಗ ಎಂದು ಬರೆದವರ ರುಜು.

ಪತ್ರದ ಮೇಲೆ ‘ಜಯ ಸಂವತ್ಸರದ ಮಾಘ ಶುದ್ಧ’ ಎಂದಿತ್ತು. ತಿಥಿಯ ಜಾಗ ಹರಿದು ಹೋಗಿತ್ತು. ಇಂಗ್ಲಿಷ್ ಇಸವಿ ಇರಲಿಲ್ಲ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದಲ್ವಾ, ಹಾಗಾಗಿ ಜಯ ಅಂದರೆ 1834 ಆಗಬಹುದು, 1894 ಆಗಬಹುದು, 1954 ಆಗಬಹುದು. ಮನೆಯವರು 1954 ಅಂತಲೇ ನಂಬಿದ್ದರು. ಆದರೆ ಪತ್ರದಲ್ಲಿ ‘ಮೈಸೂರು ಡಿಸ್ಟ್ರಿಕ್ಟು ಮಂಡ್ಯ ತಾಲ್ಲೂಕು’ ಎಂದಿತ್ತು. ಮಂಡ್ಯ ಬೇರೆ ಜಿಲ್ಲೆಯಾದದ್ದು 1939ರ ಜುಲೈ 1ರಂದು. 1954ರಲ್ಲಿ ಯಾವ ಶಾನುಭೋಗರೂ ಹಾಗೆ ಬರೆಯುತ್ತಿರಲಿಲ್ಲ. ಇನ್ನು, ಜಮೀನಿಗೆ ಸರ್ವೆ ನಂಬರ್ ಕೊಟ್ಟಿತ್ತು. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದೇ 1863ರಲ್ಲಿ, ಆದ್ದರಿಂದ 1834 ಸಾಧ್ಯವಿಲ್ಲ. ಉಳಿದದ್ದು 1894ರ ಯುಗಾದಿಗೆ ಬಿದ್ದ ಜಯ. ಮಾಘ ಮಾಸ ಬರುವುದು ಆ ಸಂವತ್ಸರದ ಕೊನೆಗೆ. ಅಂದರೆ ಪತ್ರ ಬರೆದದ್ದು 1895ರ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ. ಜಮೀನನ್ನು ‘ಖುಷ್ಕಿ’ ಅಂತಲೂ ಬರೆದಿತ್ತು. ಇವತ್ತು ಅಲ್ಲಿ ಕಬ್ಬು ನಿಂತಿದೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಬರುವುದಕ್ಕೆ ಮುಂಚೆ ಅದು ಮಳೆ ನಂಬಿದ ರಾಗಿ ಹೊಲ.

ಆಮೇಲೆ ಚಕ್ಕುಬಂದಿಗೆ ಬಂದೆ. ಜಮೀನಿನ ನಾಲ್ಕು ದಿಕ್ಕಿಗೆ ಯಾರ ಯಾರ ಭೂಮಿ ಇದೆ ಅಂತ ಬರೆಯುವ ಭಾಗ. ಜನ ಸಾಮಾನ್ಯವಾಗಿ ಇದನ್ನು ಓದುವುದೇ ಇಲ್ಲ. ಪೂರ್ವಕ್ಕೆ ಹಳ್ಳ. ದಕ್ಷಿಣಕ್ಕೆ ಬಂಡಿ ದಾರಿ. ಪಶ್ಚಿಮಕ್ಕೆ ಒಬ್ಬರ ಹೊಲ. ಉತ್ತರಕ್ಕೆ “ಕೋಡಿಮನೆ ಮನೆಅಳಿಯ” ಎಂದು ಬರೆದು, ಕೋಡಿ ತಾತನ ಹೆಸರು, ಆಮೇಲೆ “ಹೊಲ”.

ಎರಡು ಸಲ ಓದಿದೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಮತ್ತೆ ಓದಿದೆ. ‘ಮನೆಅಳಿಯ’ ಅಂತಲೇ ಇತ್ತು.

ಒಂದೇ ಪದದಲ್ಲಿ ಎರಡು ‘ಬಿನ್’ ಬಿಡಿಸಿಕೊಂಡವು. ಇಬ್ಬರಲ್ಲ, ಒಬ್ಬರೇ. ಕೊಡಗಿ ಗದ್ದೆ ಹೆಂಡತಿಯ ಮನೆಯಿಂದ ಬಂದದ್ದು. ಅಲ್ಲಿ ಮನೆಯ ಮಗನ ಹಾಗೆ ಮಾವನ ಹೆಸರು ಬರೆದಿದ್ದಾರೆ. ಹೊಲ ಅವರೇ ದುಡಿದು ಮಾಡಿಕೊಂಡದ್ದಿರಬೇಕು, ಅಲ್ಲಿ ಹೆತ್ತ ಅಪ್ಪನ ಹೆಸರು. ಹೆಳವರ ಏಳು ತಲೆಯೂ ನಿಜ, ಅಮ್ಮನ ಕಥೆಯೂ ನಿಜ. ಮೂರನೇ ತಲೆಯಿಂದ ನಾಲ್ಕನೇ ತಲೆಗೆ ಮನೆ ದಾಟಿದ್ದು ಮಗಳ ಮೂಲಕ. ಪುಸ್ತಕದಲ್ಲಿ ಆ ಮಗಳೇ ಇಲ್ಲ.

ಆದರೆ ಒಂದು ಪದ ನಂಬಿ ಇನ್ನೊಮ್ಮೆ ವಂಶವೃಕ್ಷ ಬರೆಯಲು ನನಗೆ ಧೈರ್ಯ ಇರಲಿಲ್ಲ. ದತ್ತು ಹೋಗಿದ್ದರೂ ಎರಡು ಅಪ್ಪಂದಿರ ಹೆಸರು ಬರಬಹುದು. ಪಕ್ಕದವರ ಪತ್ರ ಬರೆಸುವಾಗ ಯಾರೋ ತಪ್ಪು ಹೇಳಿರಬಹುದು. ಈ ಕಾಗದಕ್ಕೆ ಸಂಬಂಧವೇ ಇಲ್ಲದ ಬೇರೆ ಕಡೆಯಿಂದ ಅದೇ ಮಾತು ಬರಬೇಕಿತ್ತು.

ಎರಡು ಮನೆದೇವರು

ಅಮ್ಮನ ತವರಿನವರಿಗೆ ಎರಡು ಮನೆದೇವರು. ಒಂದು ಊರಿನಲ್ಲೇ ಇರುವ ಬೋರೆದೇವರು. ಇನ್ನೊಂದು ಕೆ.ಆರ್. ಪೇಟೆ ಕಡೆಯ ಒಂದು ಚಿಕ್ಕ ಊರಿನ ಅಮ್ಮ. ಮಕ್ಕಳ ಮುಡಿ ಕೊಡುವುದು ಮಾತ್ರ ಅಲ್ಲಿಗೇ ಹೋಗಿ. ಯಾಕೆ ಅಂದರೆ “ಮೊದಲಿಂದ ಹಂಗೇ” ಅನ್ನುತ್ತಾರೆ. ಆ ಊರಿನಲ್ಲಿ ಒಂದು ಮನೆಯವರು ನಮ್ಮವರಿಗೆ ಊಟ ಹಾಕುತ್ತಾರೆ. ಅವರ ಜೊತೆ ಹೆಣ್ಣು ಕೊಟ್ಟು ತರುವ ಹಾಗಿಲ್ಲ, ಅಣ್ಣತಮ್ಮಂದಿರಾಗಬೇಕು ಅಂತಾರೆ. ಅವರ ಮನೆಯಲ್ಲಿ ಸಾವಾದರೆ ಇಲ್ಲಿ ಹೆಂಗಸರು ತಲೆ ಮೇಲೆ ನೀರು ಹಾಕಿಕೊಳ್ಳುತ್ತಾರೆ. ಹೇಗೆ ಅಣ್ಣತಮ್ಮಂದಿರು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಇಷ್ಟು ವರ್ಷ ಕಣ್ಣೆದುರಿಗೇ ಇದ್ದದ್ದು ಇದು. ದತ್ತು ಹೋದವನು ಹೆತ್ತವರ ಮನೆಯ ಸೂತಕ ಬಿಟ್ಟು ಹೋಗುತ್ತಾನೆ. ಮನೆಅಳಿಯನಿಗೆ ಹಾಗಿಲ್ಲ. ಅವನ ಕುಲ, ಅವನ ದೇವರು, ಅವನ ಸೂತಕ ಅವನ ಜೊತೆಗೇ ಬರುತ್ತದೆ. ನಾನು ಕಾಗದಕ್ಕಾಗಿ ಕಚೇರಿಗಳಿಗೆ ಅಲೆಯುತ್ತಿದ್ದಾಗ ಅಡುಗೆ ಮನೆಯ ಹೆಂಗಸರು ಅದನ್ನು ನೂರನಲವತ್ತು ವರ್ಷದಿಂದ ನಡೆಸಿಕೊಂಡು ಬರುತ್ತಿದ್ದರು.

ಆ ಊರಿಗೆ ಹೋದೆ. ಹಳೆಯ ಕಾಗದಗಳಲ್ಲಿ ಆ ತಾಲ್ಲೂಕನ್ನು ಹುಡುಕುವವರು ‘ಅತ್ತಿಕುಪ್ಪೆ’ ಅಂತ ನೋಡಬೇಕು, ಕೃಷ್ಣರಾಜಪೇಟೆ ಅನ್ನುವುದು ಆಮೇಲೆ ಬಂದ ಹೆಸರು. ಪಾಂಡವಪುರವೂ ಹಾಗೇ, ಹಳೆಯದರಲ್ಲಿ ಹಿರೋಡೆ, ಇಲ್ಲವೇ ಫ್ರೆಂಚ್ ರಾಕ್ಸ್.

ಆ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಆ ಮನೆಗೆ ಸೊಸೆಯಾಗಿ ಬಂದವರು, ತೊಂಬತ್ತರ ಮೇಲೆ. ನಾನು ಮೊದಲೇ ಒಂದು ನಿರ್ಧಾರ ಮಾಡಿಕೊಂಡಿದ್ದೆ. ನಮ್ಮ ಕಡೆಯ ಯಾವ ಹೆಸರನ್ನೂ ನಾನಾಗಿ ಹೇಳಬಾರದು. ಹೆಸರು ನಾವೇ ಹೇಳಿಕೊಟ್ಟರೆ ವಯಸ್ಸಾದವರು ಪ್ರೀತಿಗೆ ಹೌದೌದು ಅಂದುಬಿಡುತ್ತಾರೆ. ಅದು ಸಾಕ್ಷಿ ಆಗುವುದಿಲ್ಲ. “ಅಜ್ಜಿ, ನಿಮ್ಮ ಮಾವನ ಮನೆ ಹಿರೀಕರು ಯಾರ್ಯಾರು?” ಅಂತ ಮಾತ್ರ ಕೇಳಿದೆ.

ಅಜ್ಜಿ ಎಲೆ ಅಡಿಕೆ ಕುಟ್ಟುತ್ತಾ ಹೇಳಿದರು. ಮಾವ, ಮಾವನ ಅಪ್ಪ, ಅವರ ಅಪ್ಪ. “ಆವಯ್ಯಂಗೆ ಮೂರು ಗಂಡು, ಒಂದು ಹೆಣ್ಣು. ಈಶ್ವರದ ಬರದಲ್ಲಿ ಗಂಡ ಹೆಂಡ್ತಿ ಇಬ್ರೂ ಹೋದ್ರಂತೆ. ದೊಡ್ಡವ್ನು ಇಲ್ಲೇ ಉಳ್ಕೊಂಡ, ಅವನೇ ನಮ್ಮೋರು. ಕಿರಿಯವ್ನು ಮಗುವಾಗೇ ಸತ್ತ. ನಡುಕಲವ್ನು ಕೂಲಿಗೆ ಅಂತ ಮಂಡ್ಯದ ಕಡೆ ಹೋದೋನು ಅಲ್ಲೇ ಮನೆಅಳಿಯ ಆದ. ನೀವೇ ಅಲ್ವಾ ಮಗ ಅವ್ರ ಕಡೆಯೋರು?”

ಆ ಅಪ್ಪನ ಹೆಸರು, ಬರದಲ್ಲಿ ಸತ್ತವರ ಹೆಸರು, ನಮ್ಮ ಹೊಲದ ರಿಜಿಸ್ಟರಿನಲ್ಲಿ ‘ಬಿನ್’ ಆದ ಮೇಲಿದ್ದ, ನಮ್ಮ ಮನೆಯಲ್ಲಿ ಯಾರೂ ಕೇಳದಿದ್ದ ಹೆಸರು. ಅಕ್ಷರಕ್ಕೆ ಅಕ್ಷರ ಅದೇ. ಆ ಅಜ್ಜಿ ನಮ್ಮ ತಾಲ್ಲೂಕಿನ ರಿಜಿಸ್ಟರ್ ನೋಡಿದವರಲ್ಲ. ರಿಜಿಸ್ಟರ್ ಬರೆದ ಶಾನುಭೋಗರು ಈ ಊರಿಗೆ ಬಂದವರಲ್ಲ. ನನ್ನ ಕೈಯಲ್ಲಿದ್ದ ನಕಲನ್ನು ಆಮೇಲೆ ತೆಗೆದು ಓದಿ ಹೇಳಿದೆ. ಅಜ್ಜಿ ಕುಟ್ಟುವುದು ನಿಲ್ಲಿಸಿ, “ಇನ್ನೊಂದಪ ಓದು” ಅಂದರು.

ಕೂಲಿ ಯಾವುದು ಅಂತ ಕೇಳಿದೆ. “ಮಣ್ಣು ಹೊರೋದು” ಅಂದರು, ಅಷ್ಟೇ. ಬರದ ಕಾಲದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ದಾರಿಯ ಮಣ್ಣು ಕೆಲಸವೂ ನಡೆದಿತ್ತು, ಕೆರೆ ಏರಿಯ ಕೆಲಸಗಳೂ ನಡೆದಿದ್ದವು. 1882ಕ್ಕೆ ರೈಲು ಮೈಸೂರು ಮುಟ್ಟಿತು. ಮಂಡ್ಯದ ಕಡೆ ಮಣ್ಣು ಹೊತ್ತವನು ರೈಲು ದಾರಿಗೇ ಹೊತ್ತ ಅಂತ ಬರೆಯಲು ಆಸೆಯಾಗುತ್ತದೆ. ಆದರೆ ಕೆರೆ ನೋಡಿಕೊಳ್ಳುವ ಮನೆಗೆ ಅಳಿಯನಾದವನು ಆ ಕೆರೆಯ ಏರಿಗೇ ಮಣ್ಣು ಹೊತ್ತಿರಬಹುದು. ವಂಶವೃಕ್ಷದಲ್ಲಿ ‘ಕೂಲಿ’ ಅಂತ ಮಾತ್ರ ಬರೆದಿದ್ದೇನೆ.

ಹಂಡೆಯ ಮೇಲಿನ ಹೆಸರು

ಇನ್ನು ಉಳಿದದ್ದು ಆ ಮಗಳು. ಏಳು ತಲೆಯ ಮನೆಯನ್ನು ದಾಟಿಸಿದವಳು.

ಕೋಡಿಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇದೆ. ಹೊರಗೆಲ್ಲ ಮಸಿ ಕಟ್ಟಿದೆ. ಹಳೆಯ ಪಾತ್ರೆಗಳ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುತ್ತಿದ್ದದ್ದು ನೆನಪಿತ್ತು. ಅಮ್ಮನೂ ನಾನೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತೆವು. ಕಂಠದ ಒಂದು ಕಡೆ ಚುಕ್ಕಿಗಳು ಬೆರಳಿಗೆ ಸಿಕ್ಕವು. ಮೊದಲು ‘ಕೋಡಿ’, ಆಮೇಲೆ ‘ಮನೆ’, ಆಮೇಲೆ ಒಂದು ಹೆಂಗಸಿನ ಹೆಸರು. ಊರ ಮಾರಮ್ಮನ ಹೆಸರೇ.

“ನಮ್ಮ ದೊಡ್ಡತ್ತೆ ಹೆಸರು ಇದು” ಅಂದರು ಅಮ್ಮ. ದೊಡ್ಡತ್ತೆ ಅಂದರೆ ಅಮ್ಮನ ತಂದೆಯ ಅಕ್ಕ, ಕೋಡಿ ತಾತನ ಮೊದಲ ಮೊಮ್ಮಗಳು. ಗಂಡುಮಕ್ಕಳಿಗೆ ತಾತನ ಹೆಸರಿಟ್ಟ ಹಾಗೆ ಹೆಣ್ಣುಮಕ್ಕಳಿಗೆ ಅಜ್ಜಿಯ ಹೆಸರು. ಹಂಡೆ ಆ ಮೊಮ್ಮಗಳದ್ದೂ ಆಗಿರಬಹುದಲ್ವಾ? ನನಗೂ ಆ ಅನುಮಾನ ಬಂತು. ಆದರೆ ದೊಡ್ಡತ್ತೆಯ ಪಾತ್ರೆಗಳೆಲ್ಲ ಅವರು ಮದುವೆಯಾಗಿ ಹೋದ ಮನೆಯಲ್ಲಿವೆ. ಮದುವೆಗೆ ಕೊಟ್ಟ ಹಂಡೆ ತವರಲ್ಲೇ ಉಳಿದಿದ್ದರೆ, ಅದರ ಯಜಮಾನಿ ತವರು ಬಿಟ್ಟು ಹೋಗಿಲ್ಲ.

ಹೆಸರು ಹಿಡಿದು ಮತ್ತೆ ನಕಲುಗಳನ್ನು ಹರಡಿಕೊಂಡು ಕೂತೆ. ಮೊದಲ ಸಲ ಓದಿದಾಗ ನಾನು ‘ಬಿನ್’ ಇರುವ ಸಾಲುಗಳನ್ನು ಮಾತ್ರ ಗುರುತು ಹಾಕಿಕೊಂಡಿದ್ದೆ. ‘ಕೋಂ’ ಇದ್ದದ್ದನ್ನು ಬಿಟ್ಟಿದ್ದೆ. ಕೋಡಿ ತಾತ ತೀರಿಕೊಂಡದ್ದು 1918ರ ಇನ್‌ಫ್ಲುಯೆಂಜಾದಲ್ಲಿ. ಮರುವರ್ಷ ಪೌತಿ ಖಾತೆ ಆಗಿದೆ. ಹೊಲ ಇಬ್ಬರು ಗಂಡುಮಕ್ಕಳ ಹೆಸರಿಗೆ ಹೋಗಿದೆ. ಕೊಡಗಿ ಗದ್ದೆ ಮಾತ್ರ ಹಂಡೆಯ ಮೇಲಿದ್ದ ಹೆಸರಿಗೆ, ‘ಕೋಂ’ ಕೋಡಿ ತಾತ. ವಯಸ್ಸಿಗೆ ಬಂದ ಇಬ್ಬರು ಮಕ್ಕಳಿರುವಾಗ ಆ ಒಂದು ಗದ್ದೆ ವಿಧವೆಯ ಹೆಸರಿಗೆ ಯಾಕೆ ಹೋಯಿತು? ಅದು ಅವಳ ಅಪ್ಪನ ಭೂಮಿ. ಊರಿಗೆಲ್ಲ ಗೊತ್ತಿದ್ದ ವಿಷಯ. ಆ ಸಾಲು ನನ್ನ ಫೈಲಿನಲ್ಲೇ ಮೂರು ವರ್ಷ ಇತ್ತು.

ಹೋದ ವರ್ಷ ಹೆಳವರು ಬಂದಾಗ ಇದನ್ನೆಲ್ಲ ಅವರ ಮುಂದೆ ಇಟ್ಟೆ. ಅವರು ಗಮನವಿಟ್ಟು ಕೇಳಿದರು. “ನಮ್ಮ ಪುಸ್ತಕದಲ್ಲಿ ಹೆಣ್ಣಿನ ಹೆಸರು ಬರೆಯೋ ಪದ್ಧತಿ ಇಲ್ಲ ಗೌಡ್ರೇ. ಮನೆ ಉಳಿದರೆ ವಂಶ ಉಳಿದ ಹಾಗೆ ಅಂತ ನಮ್ಮ ಹಿರಿಯರು ಬರೆದಿದ್ದಾರೆ” ಅಂದರು. ಅಮ್ಮ ಒಳಗಿಂದ ಮೊರದಲ್ಲಿ ರಾಗಿ ತಂದವರು ಅಲ್ಲೇ ನಿಂತು, “ಮನೆ ಉಳಿಸಿದೋಳು ಅವ್ಳು ಕಣಯ್ಯ. ಬರ್ಕೋ” ಅಂದರು. ಹೆಳವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರನೇ ತಲೆಗೂ ನಾಲ್ಕನೇ ತಲೆಗೂ ನಡುವೆ ಇದ್ದ ಚಿಕ್ಕ ಜಾಗದಲ್ಲಿ ಅವಳ ಹೆಸರು ಬರೆದರು. ಆಮೇಲೆ ಕೋಡಿ ತಾತನ ಹೆತ್ತ ಅಪ್ಪನ ಹೆಸರು, ಊರು ಕೇಳಿ ಅಂಚಿನಲ್ಲಿ ಬರೆದುಕೊಂಡರು.

ಹಂಚಿದ್ದ ಹಳೆಯ ವಂಶವೃಕ್ಷದ ಪ್ರತಿಗಳನ್ನು ಒಂದೊಂದೇ ವಾಪಸ್ ತೆಗೆದುಕೊಂಡು ಹೊಸದನ್ನು ಕೊಡುತ್ತಿದ್ದೇನೆ. ಇನ್ನೂ ನಾಲ್ಕು ಮನೆ ಬಾಕಿ ಇದೆ.

ಕೋಡಿ ತಾತನ ತಂಗಿಯ ವಿಷಯ ಮಾತ್ರ ಹಾಗೇ ನಿಂತಿದೆ. ಅಜ್ಜಿ ಹೇಳಿದ “ಒಂದು ಹೆಣ್ಣು” ಅವಳು. ಬರದಲ್ಲಿ ಸತ್ತಳೋ, ಯಾವ ಊರಿಗೆ ಕೊಟ್ಟರೋ ಅಜ್ಜಿಗೂ ಗೊತ್ತಿಲ್ಲ. ಆ ಊರಿಗೆ ಬರುವ ಹೆಳವರು ಬೇರೆಯವರು, ಸಂಕ್ರಾಂತಿ ಕಳೆದ ಮೇಲೆ ಬರುತ್ತಾರಂತೆ. ಅಜ್ಜಿಯ ಮೊಮ್ಮಗನಿಗೆ ನನ್ನ ಫೋನ್ ನಂಬರ್ ಕೊಟ್ಟು ಬಂದಿದ್ದೇನೆ. ಅವರು ಬಂದ ದಿನವೇ ಬಸ್ ಹತ್ತುತ್ತೇನೆ.